ಘನವನ್ನು ಬಿಡಿಸಿ ಹಾಸಿದ ದಿನ

ಏಳನೇ ತರಗತಿಯಲ್ಲಿ ಘನಾಕೃತಿಗಳ ಪಾಠ ಆರಂಭಿಸುವ ಮುನ್ನ, ಮನೆಯಲ್ಲಿ ಖಾಲಿಯಾದ ರಟ್ಟಿನ ಡಬ್ಬಗಳನ್ನು ತರಬೇಕೆಂದು ಮಕ್ಕಳಿಗೆ ಹೇಳಿದ್ದೆ. ಸಾಬೂನು, ಟೂತ್‌ಪೇಸ್ಟ್, ಔಷಧಿಗಳ ಡಬ್ಬಗಳೂ ಬೆಂಕಿಪೊಟ್ಟಣಗಳೂ ಮೇಜಿನ ತುಂಬ ಸೇರಿದವು. ಆಯತಘನಕ್ಕೆ 6 ಮುಖ, 12 ಅಂಚು, 8 ಶೃಂಗ (ಅಂಚುಗಳು ಸೇರುವ ಮೂಲೆ) ಎಂದು ಎಣಿಸುವ ಕೆಲಸ ಬೇಗ ಮುಗಿಯಿತು. ಮುಖಗಳಿಗೆ ಶೃಂಗಗಳನ್ನು ಕೂಡಿಸಿ ಅಂಚುಗಳನ್ನು ಕಳೆದರೆ 2 ಉಳಿಯುತ್ತದೆ ಎಂಬ ಆಯ್ಲರ್ ಸೂತ್ರವನ್ನು ಚೌಕಪಾದದ ಪಿರಮಿಡ್ಡಿನಲ್ಲೂ ಪರೀಕ್ಷಿಸಿದೆವು.

ಸಾಬೂನಿನ ಡಬ್ಬವನ್ನು ಬಿಚ್ಚಿ ಹಾಸಿದಾಗ ಒಬ್ಬ ಹುಡುಗಿ, "ಟೀಚರ್, ಅಂಟು ಹಚ್ಚಿರೋ ಈ ಪಟ್ಟಿಯೂ ಒಂದು ಮುಖಾನಾ?" ಎಂದು ಕೇಳಿದಳು. ಪುಸ್ತಕದ ಚಿತ್ರವನ್ನಷ್ಟೇ ನೋಡಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಅಂಟಿಸಲೆಂದು ಬಿಟ್ಟಿರುವ ಪಟ್ಟಿಗಳನ್ನೆಲ್ಲ ಅವಳ ಕೈಯಿಂದಲೇ ಕತ್ತರಿಸಿ ತೆಗೆಸಿದೆ. ಉಳಿದ ಆರು ಆಯತಗಳೇ ಡಬ್ಬದ ಜಾಲಾಕೃತಿ, ಅಂದರೆ ಮಡಚಿದರೆ ಮತ್ತೆ ಡಬ್ಬವಾಗುವ ಹಾಸಿದ ರೂಪ, ಎಂಬುದನ್ನು ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ.

ಅನಂತರ ಚೌಕುಳಿ ಹಾಳೆಯಲ್ಲಿ ಆರು ಚೌಕಗಳನ್ನು ಜೋಡಿಸಿ, ಕತ್ತರಿಸಿ, ಮಡಚಿ ಘನ ಮಾಡುವ ಕೆಲಸ ಕೊಟ್ಟೆ. ಹೆಚ್ಚಿನವರು ಶಿಲುಬೆಯ ಆಕಾರವನ್ನೇ ಬರೆದರು. ಐದು ಚೌಕಗಳನ್ನು ಒಂದೇ ಸಾಲಿನಲ್ಲಿಟ್ಟವರು, ಮಡಚುವಾಗ ಐದನೆಯದು ಮೊದಲನೆಯದರ ಮೇಲೆಯೇ ಬಂದು ಕೂರುವುದನ್ನು ಕಂಡರು. ನಾಲ್ಕು ಚೌಕಗಳನ್ನು ಎರಡೆರಡಾಗಿ ಒತ್ತಿ ಇಟ್ಟ ಹಾಳೆಯಂತೂ ಮಡಚಲೇ ಒಪ್ಪಲಿಲ್ಲ, ಏಕೆಂದರೆ ಘನದ ಒಂದು ಶೃಂಗದಲ್ಲಿ ಸೇರುವುದು ಮೂರೇ ಮುಖಗಳು. ನಾಲ್ಕು ಲಂಬಕೋನಗಳು ಒಂದು ಬಿಂದುವಿನ ಸುತ್ತ ಸೇರಿದರೆ 360 ಡಿಗ್ರಿ ತುಂಬಿ ಹಾಳೆ ಸಮತಟ್ಟಾಗಿಯೇ ಉಳಿಯುತ್ತದೆ. ತಿರುಗಿಸಿದ, ಮಗುಚಿದ ರೂಪಗಳನ್ನು ಬೇರೆಯೆಂದು ಎಣಿಸದಿದ್ದರೆ, ಆರು ಚೌಕಗಳನ್ನು ಅಂಚಿಗೆ ಅಂಚು ಸೇರಿಸಿ 35 ಬಗೆಯ ಆಕೃತಿಗಳನ್ನು ಮಾಡಬಹುದಾದರೂ ಅವುಗಳಲ್ಲಿ ಘನವಾಗುವವು 11 ಮಾತ್ರ. ಆ ಹನ್ನೊಂದನ್ನೂ ಮಕ್ಕಳು ಬಾಯಿಪಾಠ ಮಾಡುವುದರಲ್ಲಿ ನನಗೆ ನಂಬಿಕೆಯಿಲ್ಲ. ಒಂದನ್ನು ಕೈಯಾರೆ ಮಡಚಿದ ಮಗು ಇನ್ನೊಂದನ್ನು ಮನಸ್ಸಿನಲ್ಲೇ ಮಡಚಿ ನೋಡಲು ಕಲಿಯುತ್ತದೆ.

ಮಾಡಿದ ಘನವನ್ನು ಮತ್ತೆ ಹಾಳೆಯಾಗಿ ಬಿಡಿಸಲು ಎಷ್ಟು ಅಂಚುಗಳನ್ನು ಕತ್ತರಿಸಬೇಕು ಎಂದು ಕೇಳಿದೆ. ಬೇರೆ ಬೇರೆ ರೀತಿಯಲ್ಲಿ ಕತ್ತರಿಸಿದವರಿಗೂ 7 ಎಂಬ ಉತ್ತರವೇ ಬಂದಾಗ ತರಗತಿಗೆ ಅಚ್ಚರಿಯಾಯಿತು. ಆರು ಮುಖಗಳು ಬಿಡಿಯಾಗದೆ ಒಂದೇ ಹಾಳೆಯಾಗಿ ಉಳಿಯಲು ಐದು ಅಂಚುಗಳ ಜೋಡಣೆ ಬೇಕು; 12ರಲ್ಲಿ 5 ಹೋದರೆ 7. ಕತ್ತರಿಸಿದ ಪ್ರತಿ ಅಂಚೂ ಎರಡು ಬದಿಗಳಾಗುವುದರಿಂದ ಚೌಕದ ಬದಿಯನ್ನು ಒಂದು ಮಾನವೆಂದುಕೊಂಡರೆ ಹನ್ನೊಂದು ಜಾಲಾಕೃತಿಗಳ ಸುತ್ತಳತೆಯೂ 14 ಮಾನವೇ ಎಂಬುದನ್ನು ಹಿಂದಿನ ಬೆಂಚಿನ ಹುಡುಗನೊಬ್ಬ ತಾನಾಗಿಯೇ ಲೆಕ್ಕ ಹಾಕಿ ಹೇಳಿದ. ಆ ಅವಧಿಯಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಅದೇ.

ನೋಟಗಳ ವಿಷಯಕ್ಕೆ ಬಂದಾಗ ಬೆಂಕಿಪೊಟ್ಟಣಗಳನ್ನು ಮೆಟ್ಟಿಲಿನಂತೆ ಪೇರಿಸಿ, ಕುಳಿತಲ್ಲಿಂದಲೇ ಬರೆಯಲು ಹೇಳಿದೆ. ಎಡಸಾಲಿನವರಿಗೆ ಮುಂಭಾಗದ ನೋಟವಾದದ್ದು ಬಲಸಾಲಿನವರಿಗೆ ಪಾರ್ಶ್ವನೋಟವಾಗಿ ಜೋರು ವಾದವೇ ನಡೆಯಿತು. ಮೇಜಿನ ಮೇಲೆ ಸೀಮೆಸುಣ್ಣದಿಂದ ಬಾಣದ ಗುರುತು ಹಾಕಿ, ಮುಂಭಾಗ ಯಾವುದೆಂದು ಗೊತ್ತುಮಾಡಿದ ಮೇಲೆ ಎಲ್ಲರ ಚಿತ್ರಗಳೂ ಹೊಂದಿಕೊಂಡವು. ಮೇಲ್ನೋಟದಲ್ಲಿ ಮಾತ್ರ ಎತ್ತರ ತಿಳಿಯುವುದಿಲ್ಲವಾದ್ದರಿಂದ, ಪ್ರತಿ ಆಯತದೊಳಗೆ ಅಲ್ಲಿ ಪೇರಿಸಿದ ಪೊಟ್ಟಣಗಳ ಸಂಖ್ಯೆಯನ್ನು ಬರೆಸಿದೆ. ಆ ಸಂಖ್ಯೆಗಳನ್ನಷ್ಟೇ ನೋಡಿ ಪಕ್ಕದ ಗುಂಪಿನವರು ಅದೇ ಮೆಟ್ಟಿಲನ್ನು ಮತ್ತೆ ಕಟ್ಟಿದರು.