ಡೋಣಿ ದಂಡೆಯ ಎರೆಹೊಲದಲ್ಲಿ 48 ತಾಸು

ವಿಜಯಪುರದಿಂದ ಮನಗೂಳಿ, ಹೂವಿನ ಹಿಪ್ಪರಗಿ ದಾಟಿ ತಾಳಿಕೋಟಿ ಕಡೆ ಹೊರಟರೆ ಎರಡೂ ಬದಿಗೆ ಕಪ್ಪು ಎರೆ. ಹವ್ಯಾಸಿ ರೇಡಿಯೋದವರ, ಅಂದರೆ ಹ್ಯಾಮ್‌ಗಳ, 48 ತಾಸಿನ ಸ್ಪರ್ಧೆಗೆ ಹೇಳಿಮಾಡಿಸಿದ ನೆಲ. ಅಕ್ಟೋಬರ್ ಕೊನೆಗೆ ಹಿಂಗಾರಿ ಜೋಳ ಗೇಣುದ್ದ ಎದ್ದಿರುತ್ತದೆ. ಡೋಣಿ ಹೊಳೆಯ ನೀರು ಸವುಳು, ಬಾಯಿಗೆ ಹತ್ತುವುದಿಲ್ಲ. ಆದರೆ ನೆಟ್ಟಗೆ ನಿಲ್ಲಿಸುವ ವರ್ಟಿಕಲ್ ಆಂಟೆನಾಕ್ಕೆ ಇಂಥ ಹಸಿ, ಉಪ್ಪಿನಂಶದ ನೆಲವೇ ಬೇಕು. ಅಲೆ ತಗ್ಗು ಕೋನದಲ್ಲಿ ಹೊರಟು ದೂರ ಹೋಗುತ್ತದೆ. ಹ್ಯಾಮ್ ಕ್ಲಬ್ಬುಗಳು ಎತ್ತರದ ಗುಡ್ಡವನ್ನೇ ಹುಡುಕುವುದು ನೇರವಾಗಿ ಸಾಗುವ ಅಲೆಗಳ ವಿಎಚ್‌ಎಫ್‌ನಿಂದ ಬಂದ ರೂಢಿ. 40 ಮೀಟರ್ ಅಲೆಯುದ್ದದ ಬ್ಯಾಂಡಿನ ವರ್ಟಿಕಲ್‌ಗೆ ಒಣ ಕಲ್ಲುಗುಡ್ಡಕ್ಕಿಂತ ಈ ಬಯಲೇ ವಾಸಿ.

ಜಗತ್ತಿನ ಹ್ಯಾಮ್‌ಗಳನ್ನು ಸಂಪರ್ಕಿಸಿ ಅಂಕ ಗಳಿಸುವ ಸಿಕ್ಯು ವರ್ಲ್ಡ್‌ವೈಡ್ ಸ್ಪರ್ಧೆಯ ಧ್ವನಿ ವಿಭಾಗ ಅಕ್ಟೋಬರಿನ ಕೊನೆಯ ಪೂರ್ಣ ವಾರಾಂತ್ಯದಲ್ಲಿ. ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಗಿನ 5:30ಕ್ಕೆ ಶುರು, ಸೋಮವಾರ ಅದೇ ಹೊತ್ತಿಗೆ ಮುಕ್ತಾಯ. ಆದ್ದರಿಂದ ಶುಕ್ರವಾರ ಮಧ್ಯಾಹ್ನವೇ ಹೊಲ ಮುಟ್ಟಬೇಕು. ಅನುಮತಿಯ ಕಾಗದ, ಲೈಸೆನ್ಸಿನ ಪ್ರತಿ, ಕಟಕ ರೊಟ್ಟಿ, ಶೇಂಗಾ ಹಿಂಡಿ ಜೊತೆಗಿರಲಿ. ಸಂಜೆ ಮಳೆ ಬಿದ್ದರೆ ಎರೆಯೊಳಗೆ ಇಳಿದ ಗಾಡಿ ಮೇಲೇಳುವುದಿಲ್ಲ. ಡಾಂಬರಿನ ಅಂಚಿಗೇ ನಿಲ್ಲಿಸಿ, ಸುಮಾರು 30 ಕಿಲೋ ತೂಗುವ 100 ಆಂಪಿಯರ್-ಅವರ್ ಬ್ಯಾಟರಿಯನ್ನು ಇಬ್ಬರು ಹೊರುವುದೇ ಲೇಸು.

ಜಾಗ ಆರಿಸುವ ಮೊದಲು ಬ್ಯಾಟರಿ ಮೇಲೆ ರೇಡಿಯೋ ಸೆಟ್ ಹಚ್ಚಿ ಬರೀ ಗದ್ದಲ ಕೇಳಿ. ಕರೆಂಟ್ ಕಂಬದ ಬಿರುಕು ಬಿಟ್ಟ ಇನ್ಸುಲೇಟರ್, ಸೋಲಾರ್ ಪಂಪಿನ ಕಂಟ್ರೋಲರ್, ಅಗ್ಗದ ಎಲ್‌ಇಡಿ ದೀಪ, ಯಾವುದಾದರೂ ಒಂದಿದ್ದರೂ ಸಣ್ಣ ಸದ್ದಿನ ರೇಡಿಯೋ ಠಾಣೆ ಕೇಳುವುದಿಲ್ಲ. ಇನ್ನೂರು ಮೀಟರ್ ಆಚೆ ನಡೆದು ಮತ್ತೆ ಕೇಳಿ ನೋಡಿ.

10 ಮೀಟರ್ ಫೈಬರ್ ಕೋಲಿಗೆ 10.05 ಮೀಟರ್ ತಂತಿ ಕಟ್ಟಿದರೆ 7.1 ಮೆಗಾಹರ್ಟ್ಸ್‌ಗೆ ಕಾಲು ಅಲೆ. ಬುಡದಿಂದ 16 ರೇಡಿಯಲ್ ತಂತಿಗಳನ್ನು ಸುತ್ತಲೂ ಹರಡಬೇಕು, ಸಾಲಿನ ನಡುವೆ, ಸಸಿ ತುಳಿಯದಂತೆ. 4 ತಂತಿಗೇ ಕೈಬಿಟ್ಟವರಿಗೆ ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ಶಕ್ತಿ ಎಷ್ಟು ಮರಳುತ್ತದೆಂಬ ಅಳತೆ) ಚೆನ್ನಾಗಿಯೇ ಕಾಣಬಹುದು, ಅದನ್ನು ನಂಬಬಾರದು. ನೆಲ ಹೀರಿದ ಶಕ್ತಿಯೂ ಮರಳುವುದಿಲ್ಲ, ಆ ನಷ್ಟವೇ ಮೀಟರನ್ನು ಸಮಾಧಾನಪಡಿಸುತ್ತದೆ. ಹಸಿ ಎರೆಯಲ್ಲಿ ಗಿಡ್ಡ ಗೂಟ ಗಾಳಿಗೆ ಕಿತ್ತು ಬರುತ್ತದೆ, ಹಗ್ಗವನ್ನು ಮಣ್ಣು ತುಂಬಿದ ಚೀಲಕ್ಕೆ ಕಟ್ಟಿ. ಗುಡುಗು ಕೇಳಿದೊಡನೆ ಆಂಟೆನಾದಿಂದ ಸೆಟ್ಟಿಗೆ ಬರುವ ಕೋಆಕ್ಸ್ ಕೇಬಲ್ ಕಳಚಿ ದೂರ ಇಡಬೇಕು, ಎಷ್ಟೇ ಅಂಕ ಸಿಗುತ್ತಿರಲಿ.

ಹೆಚ್ಚು ಮಂದಿ ಎಡವುವುದು ಬ್ಯಾಟರಿಯಿಂದ ಸೆಟ್ಟಿಗೆ ಹೋಗುವ ತಂತಿಯ ಆಯ್ಕೆಯಲ್ಲಿ. 100 ವಾಟ್ ಸೆಟ್ ಮಾತಿನ ಏರಿನಲ್ಲಿ 20 ಆಂಪಿಯರ್ ಎಳೆಯುತ್ತದೆ. 3 ಮೀಟರ್ ದೂರಕ್ಕೆ 2.5 ಚದರ ಮಿ.ಮೀ. ತಂತಿ ಹಾಕಿದರೆ ಹೋಗಿ ಬರುವಷ್ಟರಲ್ಲಿ ಸುಮಾರು 0.9 ವೋಲ್ಟ್ ಕಳೆದುಹೋಗುತ್ತದೆ. ಬ್ಯಾಟರಿ 12.2 ಇದ್ದರೂ ಸೆಟ್ಟಿಗೆ ಸಿಗುವುದು 11.3, ದನಿ ಒಡೆಯುತ್ತದೆ, ಇಲ್ಲವೇ ಸೆಟ್ ಆರಿಹೋಗುತ್ತದೆ. 6 ಚದರ ಮಿ.ಮೀ. ತಂತಿಯಲ್ಲಿ ನಷ್ಟ 0.4ರೊಳಗೆ.

ಪ್ರತಿ ಸಂಪರ್ಕದಲ್ಲೂ ಕೊಡಬೇಕಾದ್ದು ಸಿಗ್ನಲ್ ವರದಿ, ವಲಯ ಸಂಖ್ಯೆ: 59 (ಸ್ಪಷ್ಟ, ಜೋರು), 22. ಜಗತ್ತನ್ನು ಹಂಚಿದ ವಲಯಗಳಲ್ಲಿ ಭಾರತ 22ನೆಯದು. ಬೆಳಿಗ್ಗೆ ಹೆಚ್ಚಿನ ಆವರ್ತನದ ಬ್ಯಾಂಡುಗಳಲ್ಲಿ ಜಪಾನ್ ಜೋರಾಗಿ ಬರುತ್ತದೆ, ಏಷ್ಯಾದೊಳಗಾದ್ದರಿಂದ ಒಂದೇ ಅಂಕ. ಯುರೋಪ್, ಅಮೆರಿಕಕ್ಕೆ ಮೂರು. ಭಾರತದ ಠಾಣೆಗೆ ಅಂಕ ಸೊನ್ನೆ, ಆದರೆ ಒಟ್ಟು ಅಂಕವನ್ನು ಗುಣಿಸುವ ಗುಣಕಕ್ಕೆ (ದೇಶ, ವಲಯಗಳ ಎಣಿಕೆ) ಪ್ರತಿ ಬ್ಯಾಂಡಿನಲ್ಲೂ ಒಂದು ಬೇಕೇ ಬೇಕು. ಗಟ್ಟಿ ಆಪರೇಟರ್ ಬೆಳಿಗ್ಗೆ ಮಲಗಿ, ಮಧ್ಯಾಹ್ನ 15 ಮೀಟರಿನಲ್ಲಿ, ರಾತ್ರಿ 40ರಲ್ಲಿ ಯುರೋಪಿಗೆ ಕೂರಲಿ. ಎದುರಿನ ಠಾಣೆಯ ಗುರುತಾದ ಕರೆಸಂಕೇತ ತಪ್ಪಿ ಬರೆದರೆ ಆ ಸಂಪರ್ಕವೂ ಹೋಗಿ, ಅದರ ಎರಡರಷ್ಟು ಅಂಕ ದಂಡ. ಅನುಮಾನವಿದ್ದರೆ ಮತ್ತೆ ಕೇಳಿ, ನಾಚಿಕೆ ಬೇಡ. ಲ್ಯಾಪ್‌ಟಾಪಿನ ಲಾಗ್ (ಸಂಪರ್ಕಗಳ ದಾಖಲೆ) ವಿಶ್ವಸಮಯ ಯುಟಿಸಿಯಲ್ಲೇ ನಡೆಯುತ್ತಿದೆಯೇ ಎಂದು ಶುಕ್ರವಾರವೇ ನೋಡಿಕೊಳ್ಳಿ. ಸ್ಪರ್ಧೆ ಮುಗಿದ ಮೇಲೆ ಕ್ಯಾಬ್ರಿಲೊ ಎಂಬ ನಮೂನೆಯ ಲಾಗ್ ಕಳಿಸಲು ಇರುವುದು 5 ದಿನ.

ಸೋಮವಾರ ಬಿಸಿಲೇರುವ ಮೊದಲೇ ತಂತಿ ಸುತ್ತಿ. 16 ಬಿಚ್ಚಿದ್ದರೆ 16 ಎಣಿಸಬೇಕು. ಮಣ್ಣಲ್ಲಿ ಉಳಿದ ಒಂದು ತಂತಿ ಎಡೆಕುಂಟೆಗೆ ಸುತ್ತಿಕೊಂಡರೆ ಮರುವರ್ಷ ಆ ಹೊಲ ಸಿಗುವುದಿಲ್ಲ.