ಹಸಿರು ಎಲ್ಲಿಂದ ಬಂತು?

ಸ್ನಾಯುವಿಗೆ ಜೀನ್ ಸೇರಿಸುವ ವಿಧಾನ ಯಾವುದೇ ಇರಲಿ, ನಮ್ಮ ಲ್ಯಾಬಿನಲ್ಲಿ ಮೊದಲ ಪರೀಕ್ಷೆ ಸಿ2ಸಿ12 ಕೋಶಗಳ ಮೇಲೆಯೇ. 1977ರಲ್ಲಿ ಯಾಫೆ ಮತ್ತು ಸ್ಯಾಕ್ಸೆಲ್ ಇಲಿಯ ತೊಡೆಸ್ನಾಯುವಿನಿಂದ ಬೆಳೆಸಿದ ಕೋಶಗಳ ಸಂತತಿ ಇವು. ಹೊಟ್ಟೆತುಂಬ ಸೀರಂ (ರಕ್ತದ ತಿಳಿ) ಕೊಟ್ಟರೆ ಒಂದೇ ಸಮನೆ ವಿಭಜನೆಯಾಗುತ್ತವೆ. ಶೇ. 2ರಷ್ಟು ಕುದುರೆ ಸೀರಂಗೆ ಇಳಿಸಿದರೆ ವಿಭಜನೆ ನಿಲ್ಲಿಸಿ, ಸಾಲುಗಟ್ಟಿ, ಒಂದಕ್ಕೊಂದು ಬೆಸೆದು, ಹಲವು ನ್ಯೂಕ್ಲಿಯಸ್‌ಗಳಿರುವ ಉದ್ದ ನಾಳಗಳಾಗುತ್ತವೆ. ಕೆಲವು ತಟ್ಟೆಯಲ್ಲೇ ತಮ್ಮಷ್ಟಕ್ಕೆ ಮಿಡುಕುತ್ತವೆ. ಕೆಲಸ ಬಿಟ್ಟು ಅದನ್ನೇ ನೋಡುತ್ತ ಕೂತದ್ದೂ ಉಂಟು.

ಆ ದಿನದ ಪರೀಕ್ಷೆ ಲಿಪಿಡ್ (ಕೊಬ್ಬಿನ) ಕಣಗಳಲ್ಲಿ ಸುತ್ತಿದ ಪ್ಲಾಸ್ಮಿಡ್‌ನದು, ಅಂದರೆ ಜೀನ್ ಹೊತ್ತೊಯ್ಯುವ ಡಿಎನ್‌ಎ ಉಂಗುರದ್ದು. ಅದರಲ್ಲಿದ್ದದ್ದು ಜಿಎಫ್‌ಪಿ, ಅಂದರೆ ಜೆಲ್ಲಿಮೀನಿನ ಹಸಿರು ಪ್ರೋಟೀನಿನ ಜೀನ್. ಒಂದು ತಟ್ಟೆಯಲ್ಲಿ ಇನ್ನೂ ವಿಭಜನೆಯಾಗುತ್ತಿದ್ದ ಕೋಶಗಳು, ಇನ್ನೊಂದರಲ್ಲಿ ಬೆಸೆದ ನಾಳಗಳು. ನೀಲಿ ಬೆಳಕು ಹಾಕಿದಾಗ ಮೊದಲನೆಯದು ಧಾರಾಳವಾಗಿ ಹೊಳೆಯಿತು. ಎರಡನೆಯದರಲ್ಲಿ ಅಲ್ಲಲ್ಲಿ ಹಸಿರು.

"ಪರವಾಗಿಲ್ಲ, ನಾಳಕ್ಕೂ ಹೋಗಿದೆಯಲ್ಲ" ಎಂದಳು ಪಕ್ಕದಲ್ಲಿದ್ದ ಸಹೋದ್ಯೋಗಿ.

ಲೆನ್ಸ್ ಬದಲಿಸಿ ಹತ್ತಿರದಿಂದ ನೋಡಿದೆವು. ಹೊಳೆಯುತ್ತಿದ್ದವು ನಾಳಗಳಲ್ಲ, ಅವುಗಳ ಸಂದಿಯಲ್ಲಿ ಬೆಸೆಯದೆ ಒಂಟಿಯಾಗಿ ಉಳಿದ ಚಪ್ಪಟೆ ಕೋಶಗಳು. ನಾಳಗಳು ಬಹುಪಾಲು ಕಪ್ಪಗೇ ಇದ್ದವು. ಕೋಶಗಳನ್ನೆಲ್ಲ ಒಡೆದು ಒಟ್ಟಿಗೆ ಅಳೆದಿದ್ದರೆ ಬರುತ್ತಿದ್ದ ಅಂಕಿ 'ನಾಳಕ್ಕೆ ತಲುಪಿದ ಜೀನ್' ಎಂದೇ ಗ್ರಾಫ್ ಏರುತ್ತಿತ್ತು.

ಕಾರಣ ಹಳೆಯದೇ. ಪ್ಲಾಸ್ಮಿಡ್ ಕೋಶದೊಳಗೆ ನುಗ್ಗಿದರೆ ಸಾಲದು, ನ್ಯೂಕ್ಲಿಯಸ್ ಸೇರಬೇಕು. ವಿಭಜನೆಯ ವೇಳೆ ನ್ಯೂಕ್ಲಿಯಸ್‌ನ ಪೊರೆ ಕಳಚುವುದರಿಂದ ಅದಕ್ಕೆ ದಾರಿ ಸಿಗುತ್ತದೆ. ನಾಳದ ನ್ಯೂಕ್ಲಿಯಸ್‌ಗೆ ಆ ಗಳಿಗೆಯೇ ಬರುವುದಿಲ್ಲ. ವಿಚಿತ್ರವೆಂದರೆ, ಲಿಪಿಡ್ಡೂ ಇಲ್ಲದ ಬರೀ ಡಿಎನ್‌ಎಯನ್ನು ಜೀವಂತ ಇಲಿಯ ಸ್ನಾಯುವಿಗೆ ಚುಚ್ಚಿದರೆ ಜೀನ್ ಕೆಲಸ ಮಾಡುತ್ತದೆಂದು 1990ರಲ್ಲೇ ವುಲ್ಫ್ ಮತ್ತು ಸಂಗಡಿಗರು ತೋರಿಸಿದ್ದರು. ಅದೇ ಬರೀ ಡಿಎನ್‌ಎಯನ್ನು ತಟ್ಟೆಗೆ ಸುರಿದರೆ ಏನೂ ಆಗುವುದಿಲ್ಲವೆಂದೇ ಹೇಳಬೇಕು. ಹಾಗಾಗಿ ತಟ್ಟೆಯಲ್ಲಿ ಗೆದ್ದ ವಿಧಾನವನ್ನು ನಾನು ಅರ್ಧ ಮಾತ್ರ ನಂಬುತ್ತೇನೆ, ಸೋತದ್ದನ್ನೂ ಅಷ್ಟೇ.

ಅಂದಿನಿಂದ ಎಣಿಕೆಗೆ ಮುಂಚೆ, ನಾಳಗಳನ್ನು ಗುರುತಿಸಿಕೊಡುವ ಸ್ನಾಯು ಪ್ರೋಟೀನ್ ಮಯೋಸಿನ್‌ಗೆ ಕೆಂಪು ಬಣ್ಣ ಹಚ್ಚುತ್ತೇವೆ. ಕೆಂಪಿನೊಳಗೆ ಬಿದ್ದ ಹಸಿರಿಗಷ್ಟೇ ಲೆಕ್ಕ. ಕೆಲಸ ದುಪ್ಪಟ್ಟು, ಗ್ರಾಫಿನ ಕಂಬ ಮೊದಲಿಗಿಂತ ತೀರಾ ಗಿಡ್ಡ.