ಅಜ್ಜಿ ಸೀರೆ, ಪುಟ್ಟಿ ಲಂಗ: ಮೂರು ಟ್ರಯಲ್ ಮುಗೀತು

ಗೌರಿ ಹಬ್ಬಕ್ಕೆ ಇನ್ನು ಮೂರು ವಾರ. ಅಮ್ಮ ತನ್ನ ಹಳೇ ಮೈಸೂರ್ ಸಿಲ್ಕ್ ಸೀರೆಗೆ ಕತ್ತರಿ ಹಾಕಿ ನನ್ನ ನಾಲ್ಕು ವರ್ಷದ ಮಗಳಿಗೆ ಲಂಗ ಹೊಲಿಯುತ್ತಿದ್ದಾಳೆ. ಅವಳು ಹೊಲಿಯುತ್ತಾಳೆ, ನಾನು ಫೋಟೊ ತೆಗೆಯುತ್ತೇನೆ. ಹಬ್ಬದ ದಿನದ ಫೋಟೊ ಹೇಗೂ ಎಲ್ಲರ ಫೋನಿನಲ್ಲೂ ಇರುತ್ತೆ. ನನಗೆ ಬೇಕಾದದ್ದು ಟ್ರಯಲ್‌ನದು: ಗುಂಡುಪಿನ್ನು, ಬಿಳಿ ದಾರದ ಕಚ್ಚಾ ಹೊಲಿಗೆ, "ಚುಚ್ಚುತ್ತೆ ಅಜ್ಜೀ" ಅನ್ನುವ ಮುಖ.

ಮೊದಲ ಟ್ರಯಲ್, ಸಂಜೆ

ನಲವತ್ತು ಫೋಟೊ ತೆಗೆದೆ, ಒಂದೂ ಉಳಿಯಲಿಲ್ಲ. ಕಿಟಕಿ ಬೆಳಕಿನ ಜೊತೆ ಟ್ಯೂಬ್‌ಲೈಟೂ ಉರಿಯುತ್ತಿತ್ತು. ಒಂದು ಕೆನ್ನೆ ನೀಲಿ, ಇನ್ನೊಂದು ಹಸಿರು. ಶಟರ್ 1/60ರಲ್ಲಿತ್ತು, ಅಂದರೆ ಸೆಕೆಂಡಿನ ಅರವತ್ತರಲ್ಲಿ ಒಂದು ಭಾಗ ತೆರೆದಿರುತ್ತೆ. ಸೊಂಟಕ್ಕೆ ಬಟ್ಟೆ ಸುತ್ತಿದ್ದೇ ತಡ, ಪುಟ್ಟಿ ಗಿರಗಿರ ತಿರುಗತೊಡಗಿದಳು, ಎಲ್ಲಾ ಮಸುಕು. ಫ್ಲಾಶ್ ಹಾಕಿದರೆ ಜರಿ ಅಂಚು ಸುಣ್ಣ ಬಳಿದ ಪಟ್ಟಿ ತರಹ ಬಂತು.

ಎರಡನೇ ಟ್ರಯಲ್, ಬೆಳಿಗ್ಗೆ

ಟ್ಯೂಬ್‌ಲೈಟ್ ಆರಿಸಿದೆ. ಪೂರ್ವದ ಕಿಟಕಿ ಒಂದು ಪಕ್ಕಕ್ಕೆ, ಅದರ ಎದುರು ಕುರ್ಚಿಯ ಮೇಲೆ ಬಿಳಿ ಪಂಚೆ ಹರಡಿದೆ. ಬೆಳಕನ್ನು ನೆರಳಿನ ಕಡೆಗೆ ವಾಪಸ್ ಚೆಲ್ಲೋಕೆ ಇಷ್ಟು ಸಾಕು, ರಿಫ್ಲೆಕ್ಟರ್‌ಗೆ ಸುಮ್ನೆ ಯಾಕೆ ದುಡ್ಡು? ಶಟರ್ ಈ ಸಲ 1/250, ತಿರುಗಿದರೂ ಮಸುಕಾಗದಷ್ಟು ಬೇಗ.

ತಲೆ ಕೆಡಿಸಿದ್ದು ಕೆಂಪು. ಸೀರೆ ಅಪ್ಪಟ ಕುಂಕುಮದ ಬಣ್ಣ. ಕ್ಯಾಮೆರಾದ ಹಿಸ್ಟೊಗ್ರಾಂ, ಅಂದರೆ ಕತ್ತಲೆ ಎಡಕ್ಕೆ, ಬೆಳಕು ಬಲಕ್ಕೆ ತೋರಿಸುವ ಗ್ರಾಫ್ ನೋಡಿದರೆ ಎಲ್ಲಾ ಸರಿ ಇದೆ ಅನ್ನಿಸುತ್ತೆ, ಆದರೆ ಫೋಟೊದಲ್ಲಿ ನೆರಿಗೆಯೇ ಇಲ್ಲ, ಕೆಂಪು ಬಣ್ಣ ಚೆಲ್ಲಿದ ಹಾಗೆ. ಕೆಂಪು ಚಾನೆಲ್ ಮಾತ್ರ ಬೇರೆಯಾಗಿ ನೋಡಿದಾಗ ಗೊತ್ತಾಯ್ತು, ಅದು ಗ್ರಾಫಿನ ಬಲ ಅಂಚಿನ ಗೋಡೆಗೆ ಬಡಿದು ನಿಂತಿತ್ತು, ಅಂದರೆ ಕೆಂಪು ವಿಪರೀತ ಬೆಳಕಾಗಿ ವಿವರ ಅಳಿಸಿಹೋಗಿತ್ತು. ಎಕ್ಸ್‌ಪೋಷರ್, ಅಂದರೆ ಒಳಗೆ ಬಿಡುವ ಬೆಳಕು, ಒಂದು ಸ್ಟಾಪಿನ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಮೂರರಲ್ಲಿ ಎರಡು ಭಾಗ ಇಳಿಸಿದೆ. ನೆರಿಗೆ ಒಂದೊಂದೇ ಎದ್ದು ಬಂದವು.

ಜರಿಯೂ ಪಕ್ಕದ ಬೆಳಕಿನಲ್ಲೇ ಚೆಂದ. ಮೈಸೂರ್ ಸಿಲ್ಕ್ ಜರಿಯಲ್ಲಿ ನಿಜವಾದ ಬೆಳ್ಳಿ ಇರುತ್ತೆ, ಮೇಲೆ ಚಿನ್ನದ ತೆಳು ಲೇಪ. ಅದಕ್ಕೇ ಹಳೇ ಸೀರೆಯ ಮಡಿಕೆ ಬಿದ್ದ ಕಡೆ ಜರಿ ಕಪ್ಪಾಗಿದೆ. ಕಂಪ್ಯೂಟರಿನಲ್ಲಿ ಅದನ್ನು ಹೊಳೆಯುವ ಹಾಗೆ ಮಾಡಬಹುದಿತ್ತು. ಮಾಡಲಿಲ್ಲ.

"ನಗು ಪುಟ್ಟಿ" ಅಂದರೆ ಹಲ್ಲು ಅಷ್ಟನ್ನೂ ತೋರಿಸಿ ಕಲ್ಲಾಗುತ್ತಾಳೆ. ಹಾಗಾಗಿ ಅಮ್ಮನ ಹುಕ್ಕು, ಗುಂಡಿಯ ಡಬ್ಬಿ ಕೈಗೆ ಕೊಟ್ಟು ನಾನು ನೆಲಕ್ಕೆ ಕೂತೆ. ಐದು ನಿಮಿಷದಲ್ಲಿ ನಾನಿರೋದೇ ಮರೆತಳು. ಇಟ್ಟುಕೊಂಡದ್ದು ಆರು ಫೋಟೊ.

ಮೂರನೇ ಟ್ರಯಲ್

ಸೊಂಟ ಕೂತಿದೆ. ಮೈಸೂರ್ ಸಿಲ್ಕ್ ಕ್ರೇಪ್ ಅಲ್ವಾ, ಕಾಂಚೀಪುರದ ಹಾಗೆ ಬಿರುಸಾಗಿ ನಿಲ್ಲದೆ ಕಾಲಿಗೆ ಅಂಟುತ್ತೆ. ಅಮ್ಮ ಒಳಗೆ ಕಾಟನ್ ಲೈನಿಂಗ್ ಕೊಟ್ಟ ಮೇಲೆ ಲಂಗಕ್ಕೊಂದು ಆಕಾರ ಬಂತು, ಫೋಟೊಗೂ ಬಂತು.

ಅಂಚಿನ ಮೇಲೆ ಅಮ್ಮ ಮೂರು ಸಾಲು ಮಡಿಕೆ ಹಾಕಿದ್ದಾಳೆ. ಒಂದೊಂದೂ ಒಂದಿಂಚು, ಅಂದರೆ ಬಿಚ್ಚಿದರೆ ಎರಡೆರಡು ಇಂಚು ಬಟ್ಟೆ. "ವರ್ಷಕ್ಕೊಂದು ಬಿಚ್ಚಿದರಾಯ್ತು, ಇನ್ನೂ ಮೂರು ಗೌರಿಗೆ ಬರುತ್ತೆ ಕಣೋ." ಅವಳ ಹೆಬ್ಬೆರಳು ಮಡಿಕೆಯನ್ನು ಒತ್ತಿ ಹಿಡಿದಿದೆ, ಉಗುರಿಗೆ ಚಾಕ್‌ಪುಡಿ ಮೆತ್ತಿದೆ. ಇದೊಂದನ್ನು ಹತ್ತಿರದಿಂದ ತೆಗೆದೆ.

ಇದುವರೆಗಿನ ಒಳ್ಳೆ ಫೋಟೊ ಮಾತ್ರ ಬೇರೆಯದೇ. ಮಗಳು ಎರಡೂ ಕೈಯಲ್ಲಿ ಅಂಚು ಹಿಡಿದು ಚೂರು ಎತ್ತಿ ಬಗ್ಗಿದ್ದಾಳೆ, ಕಾಲ್ಗೆಜ್ಜೆ ಕಾಣುತ್ತಾ ಅಂತ. ಮುಖ ಕಾಣಲ್ಲ, ಬೈತಲೆ ಮಾತ್ರ ಕಾಣುತ್ತೆ. ಅಮ್ಮನಿಗೆ ಇದು ಹಿಡಿಸಲಿಲ್ಲ. "ಪೂರ್ತಿ ಲಂಗ ಕಾಣೋ ಹಾಗೆ ನೆಟ್ಟಗೆ ನಿಲ್ಲಿಸಿ ತೆಗಿ," ಅಂದಳು. ಅದೂ ತೆಗೆದೆ. ಕಲ್ಲಿನ ಪುಟ್ಟಿ ಮತ್ತೆ ಹಾಜರ್.

ಅಂದ ಹಾಗೆ, ಮುಖ ಇರುವ ಫೋಟೊಗಳು ಪ್ರಿಂಟ್ ಆಗಿ ಮನೆ ಆಲ್ಬಮ್ಮಿಗೆ ಹೋಗುತ್ತವೆ. ನೆಟ್ಟಿಗೆ ಹಾಕೋದು ಕೈ, ಕಾಲು, ಬಟ್ಟೆ ಅಷ್ಟೇ.

ಬಾಕಿ ಇರೋದು ಬುಗ್ಗೆ ತೋಳಿನ ರವಿಕೆ. ಹಾಕಿದ ಎರಡೇ ನಿಮಿಷಕ್ಕೆ ಬಿಚ್ಚಿ ಎಸೆದಳು, ತೋಳಿನ ಜರಿ ಒಳಗಡೆ ಕೆರೆಯುತ್ತಂತೆ. ಅಮ್ಮ ಹಳೇ ಪಂಚೆಯಿಂದ ಒಂದು ಪಟ್ಟಿ ಹರಿದು ಒಳಗೆ ಹೊಲಿಯುತ್ತಿದ್ದಾಳೆ. ಈಗ ನೋಡಿದೆ, ಅದು ನನ್ನ ರಿಫ್ಲೆಕ್ಟರ್ ಪಂಚೆಯೇ.